ಕೊಕ್ಕೆಬಾಯಿ, ಮುಳ್ಳುಬಾಲ

ಹಳ್ಳದ ದಂಡೆಗೆ ಒಂದು ಪದರಗಲ್ಲಿನ ಗುಡ್ಡ. ಗುಡ್ಡದ ಬುಡಕ್ಕೆ ಒಂದು ಗುಡಿಸಲು. ಅಲ್ಲಿ ಒಬ್ಬ ಗುರು. ಜನ ಅವನನ್ನು ಕಲ್ಲಜ್ಜ ಎನ್ನುತ್ತಿದ್ದರು.

ಐವತ್ತು ಕೋಟಿ ವರ್ಷದ ಹಿಂದೆ, ಕೇಂಬ್ರಿಯನ್ ಕಾಲದಲ್ಲಿ, ಆ ಗುಡ್ಡ ಕಡಲ ತಳದ ಕೆಸರಾಗಿತ್ತು. ಕೆಸರಲ್ಲಿ ಹೂತ ಹುಳುಗಳು ಕಲ್ಲಾಗಿ ಪದರದ ನಡುವೆ ಮಲಗಿದ್ದವು. ಅವುಗಳ ಕುಲ ವಿಂಗಡಿಸಿ ತನ್ನ ಪುಸ್ತಕದಲ್ಲಿ ಬರೆಯುವುದೇ ಅಜ್ಜನ ಬದುಕು. ಬಾಯಲ್ಲಿ ಕೊಕ್ಕೆ ಇದ್ದದ್ದು ಕೊಕ್ಕೆಬಾಯಿ ಕುಲ. ಬಾಲಕ್ಕೆ ಮುಳ್ಳಿನ ಬಳೆ ಇದ್ದದ್ದು ಮುಳ್ಳುಬಾಲ ಕುಲ. ಗೋಡೆಗೆ ಎರಡು ಕಪಾಟು, ನಡುವೆ ಒಂದು ಹಲಗೆ. ನಲವತ್ತು ವರ್ಷದಲ್ಲಿ ಆ ಹಲಗೆ ದಾಟಿದ ಹುಳು ಒಂದೂ ಇಲ್ಲ.

ಶಿಷ್ಯ ಬೀರಲಿಂಗ ಕುರಿ ಕಾಯುವವರ ಮಗ. ಅವನಂಥ ಕಣ್ಣು ಆ ಗುಡ್ಡದಲ್ಲಿ ಇನ್ನೊಬ್ಬರಿಗಿರಲಿಲ್ಲ. ಅದನ್ನು ಬೇರೆಯವರು ಹೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ. ಅವನಿಗೆ ಬೇಕಾದದ್ದು ಒಂದೇ: ಒಂದು ಹುಳುವಿಗಾದರೂ ತನ್ನ ಹೆಸರು.

ಒಂದು ಮುಂಜಾನೆ ಎರಡು ಕಲ್ಲು ಹಿಡಿದು ಬಂದ.

"ಅಜ್ಜಾರ, ಹೊಸಾ ಹುಳ! ಒಂದಲ್ರಿ, ಎರಡು! ಒಂದಕ್ಕ ನನ್ನ ಹೆಸರು, ಇನ್ನೊಂದಕ್ಕ ನಮ್ಮವ್ವನ ಹೆಸರು. ಚೀಟಿ ಬರದ ತಂದೇನಿ."

ಮೂಲೆಯಲ್ಲಿ ಕಲ್ಲಿನ ಧೂಳು ಒರೆಸುತ್ತಿದ್ದ ಹಿರಿಯ ಶಿಷ್ಯೆ ನೀಲವ್ವ ನಕ್ಕಳು. "ಚೀಟಿ ಮೊದಲ ಬಂತೋ, ಹುಳ ಮೊದಲ ಬಂತೋ?"

"ನಗಬ್ಯಾಡ ಅಕ್ಕಾ. ನಮ್ಮಪ್ಪ ಇನ್ನೂರು ಕುರಿ ಮುಖ ನೋಡಿ ಹೇಳ್ತಾನ. ಅವನ ಮಗಗ ಎರಡು ಹುಳ ಗೊತ್ತಾಗೂದಿಲ್ಲೇನು?"

"ಬ್ಯಾರೆ ಬ್ಯಾರೆ ಅಂತ ಹೆಂಗ ಹೇಳ್ತಿ?" ಅಜ್ಜ ಕೇಳಿದ.

"ಇದು ಎಡಕ್ಕ ಬಾಗೇತ್ರಿ, ಇದು ಬಲಕ್ಕ. ಇದು ಉಬ್ಬು, ಇದು ತಗ್ಗು. ಇದರ ಬಾಯಾಗ ಕೊಕ್ಕಿ, ಇದರ ಬಾಲಕ್ಕ ಮುಳ್ಳು. ಒಂದು ಈ ಕಪಾಟಿಗೆ, ಒಂದು ಆ ಕಪಾಟಿಗೆ. ನಿಮ್ಮ ಪುಸ್ತಕದಾಗ ಇದ್ದಂಗ!"

"ಎಲ್ಲಿ ಸಿಕ್ಕುವು?"

"ಮೊದಲನೇದ್ದು ಸೋಮವಾರ, ಗುಡ್ಡದ ನೆತ್ತಿ ಮ್ಯಾಲ. ಕಲ್ಲು ಸೀಳಿದ್ದ ತಡ, ಕೊಕ್ಕಿ ಕಂಡುವು. ಕುಣಕೋತ ಓಡಿ ಬಂದೆ. ಎರಡನೇದ್ದು ನಿನ್ನೆ, ಅಲ್ಲೇ ಕೆಳಗ, ಇಳಿಜಾರದಾಗ."

"ಸೋಮವಾರ ದಾರ ಕಟ್ಟಿದ್ದೇನು?"

ಬೀರಲಿಂಗ ಕಟ್ಟಿರಲಿಲ್ಲ. ಗುಡಿಸಲಿನ ಕಟ್ಟಳೆ ಅದು: ಕಲ್ಲು ಸೀಳಿದರೆ ಮೊದಲು ಎರಡೂ ಹೋಳು ಸೇರಿಸಿ ದಾರ ಕಟ್ಟಬೇಕು. ಕುಣಿತ ಆಮೇಲೆ.

ಅಜ್ಜ ಒಂದು ಕಲ್ಲನ್ನು ಅಂಗೈ ಮೇಲಿಟ್ಟ. ಇನ್ನೊಂದನ್ನು ಅದರ ಮೇಲೆ ಬೋರಲು ಹಾಕಿದ.

ಟಕ್ ಎಂದಿತು. ಅಂಚಿಗೆ ಅಂಚು ಕೂತಿತು. ನಡುವೆ ಒಂದು ಕೂದಲೂ ತೂರದಷ್ಟು. ಸೋಮವಾರ ಸೀಳಿದ ಕಲ್ಲಿನ ಇನ್ನೊಂದು ಹೋಳೇ ಇಳಿಜಾರಿಗೆ ಉರುಳಿತ್ತು; ಹುಳುವಿನ ಬಾಯಿ ಒಂದು ಹೋಳಿಗೆ, ಬಾಲ ಇನ್ನೊಂದಕ್ಕೆ ಅಂಟಿತ್ತು.

"ಒಂದ ಕುರಿಯ ಎಡಮಗ್ಗಲ, ಬಲಮಗ್ಗಲ ಬ್ಯಾರೆ ಬ್ಯಾರೆ ಎಣಿಸಿದ್ರ ನಿಮ್ಮಪ್ಪನ ಹಿಂಡು ನಾನೂರಾಗತೈತಲ್ಲೋ ಬೀರ್ಯಾ!" ಎಂದಳು ನೀಲವ್ವ.

ಬೀರಲಿಂಗನ ಕಿವಿ ಕೆಂಪಗಾದವು. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ಇವನೂ ತಲೆ ತಗ್ಗಿಸಿದ, ಆದರೆ ಕಲ್ಲು ನೋಡಲು. ತೆರೆದ. ಮುಚ್ಚಿದ. ಮತ್ತೆ ತೆರೆದ. ಕಪಾಟುಗಳ ಕಡೆ ನೋಡಿದ.

"ತಪ್ಪು ನಂದರಿ ಅಜ್ಜಾರ. ಹುಳ ಒಂದ. ಆದರ..."

"ಆದರ?"

"ಒಂದ ಅಂದಮ್ಯಾಲ ಕೊಕ್ಕಿನೂ ಇದರದ್ದ, ಮುಳ್ಳೂ ಇದರದ್ದ. ಹಂಗಾದ್ರ ಇದು ಯಾವ ಕಪಾಟಿಗೆ?"

ನೀಲವ್ವನ ಕೈಯ ಬ್ರಷ್ ನಿಂತಿತು.

"ನೀನ ಹೇಳು," ಎಂದ ಅಜ್ಜ.

"ಹೇಳಿದ್ರ ನಿಮ್ಮ ಪುಸ್ತಕ ಸುಳ್ಳಾಗತೈತ್ರಿ."

"ಹೇಳಂದೆ."

"ಆ ಕೊಕ್ಕಿ ಕಪಾಟಿನಾಗಿನವು ಎಲ್ಲಾ ತುಂಡು ಹುಳ. ಬಾಲ ಇದ್ದದ್ದು ಒಂದೂ ಇಲ್ಲ. ಈ ಮುಳ್ಳಿನ ಕಪಾಟಿನಾಗ ಬಾಯಿ ಇದ್ದದ್ದು ಒಂದೂ ಇಲ್ಲ. ನಾ ಒಂದು ಹುಳಾನ ಎರಡು ಮಾಡಿದೆ. ನೀವು ಒಂದು ಕುಲಾನ ಎರಡು ಮಾಡೀರಿ."



ಅಜ್ಜ ಎದ್ದ. ಸುತ್ತಿಗೆ ಹಿಡಿದ. ಎರಡೇ ಏಟು. ನಲವತ್ತು ವರ್ಷದ ಹಲಗೆ ಕಿತ್ತು ಬಂತು. ಅದನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ಬೀರಲಿಂಗನ ಮುಂದೆ ಹಾಕಿದ.

"ಕೂಡು."

ಅಜ್ಜ ಯಾರಿಗಾದರೂ ಮಣೆ ಹಾಕಿದ್ದನ್ನು ನೀಲವ್ವ ಅದೇ ಮೊದಲು ನೋಡಿದ್ದು.

ಬೀರಲಿಂಗ ಎದೆಯುಬ್ಬಿಸಿ ಕೂತ. ಜೇಬಿನಿಂದ ಚೀಟಿ ತೆಗೆದ. "ಈಗರೆ ನನ್ನ ಹೆಸರು ಹಚ್ಚಲ್ರಿ?"

"ಸಂಜೀಕ ಹಿಂಡು ಬಂದಾಗ ಗುರುತಿಲ್ಲದ ಮರಿ ಒಂದು ನಿಂತಿದ್ರ, ನಿಮ್ಮಪ್ಪ ಮೊದಲ ಹೆಸರಿಡ್ತಾನೇನು?"

"ಇಲ್ರಿ. ತಾಯಿ ಯಾವುದಂತ ಹುಡುಕ್ತಾನ."

ಅಜ್ಜ ಸುತ್ತಿಗೆಯನ್ನು ಅವನ ಕೈಗಿಟ್ಟ. ಜೊತೆಗೆ ಒಂದು ದಾರದ ಉಂಡೆ.

"ಹಂಗಾದ್ರ ಏಳು. ಇದರ ತಾಯಿ ಇನ್ನೂ ಗುಡ್ಡದ ಹೊಟ್ಟಿಯಾಗ ಅದಾಳ."