ಸಾಹುಕಾರರ ಸಂತಾಪ

ಚುನಾವಣೆ ಹತ್ತಿರವಿತ್ತು. ಅಭ್ಯರ್ಥಿ ಫಕೀರಪ್ಪ ಸಾಹುಕಾರರ ಸಭೆಗೆ ಜನರನ್ನು ತುಂಬಿ ತರುತ್ತಿದ್ದ ಲಾರಿ ಮಗುಚಿ ಮೂವರು ಕೂಲಿ ಹೆಂಗಸರು ಸತ್ತರು. ಸಾಹುಕಾರರು ನೇರವಾಗಿ ಊರಿನ ಪತ್ರಿಕೆಯ ಕಚೇರಿಗೆ ಬಂದರು.

"ಲಾರಿ ಯಾರದೋ, ಎಲ್ಲಿಗೆ ಹೊರಟಿತ್ತೋ ಗೊತ್ತಿಲ್ಲ ಅಂತ ಹಾಕಿ," ಎಂದರು. ಜಾಹೀರಾತು ನಿಂತೀತೆಂಬ ಭಯಕ್ಕೆ ಸಂಪಾದಕರು ತಲೆಯಾಡಿಸಿದರು. ಹಾಗೆ ಅಚ್ಚಾದರೆ ಸತ್ತವರ ಮನೆಯವರು ಪರಿಹಾರ ಕೇಳಲು ದಾರಿಯೇ ಇರಲಿಲ್ಲ.

ಸಂತಾಪ ಸೂಚನೆಗಳನ್ನು ಬರೆದುಕೊಳ್ಳುವ ಗುಮಾಸ್ತ, ಹೊರಟಿದ್ದ ಸಾಹುಕಾರರನ್ನು ಬಾಗಿಲಲ್ಲಿ ಮಾತಿಗೆಳೆದ. "ಸಾಹುಕಾರ್ರೆ, ನಿಮ್ಮ ಎದುರಾಳಿ ಆಗಲೇ ಸಂತಾಪ ಕಳಿಸಿದ್ದಾರೆ. ಸತ್ತವರು ಅವರ ಪಕ್ಷದವರಂತೆ, ಅವರ ಸಭೆಗೇ ಹೊರಟಿದ್ದರಂತೆ. ನಿಮ್ಮದೇನೂ ಬೇಡವೇ?"

ಸಾಹುಕಾರರ ಮುಖ ಕೆಂಪಾಯಿತು. "ಅವನ ಸಭೆಗೆ ನಾಯಿ ಕೂಡ ಹೋಗಲ್ಲ. ಅವರು ನಮ್ಮ ಜನ. ನಾನೇ ಲಾರಿ ಕಳಿಸಿ ಕರೆಸಿದ್ದು. ಬರ್ಕೋ."

ಗುಮಾಸ್ತ ಬರೆದುಕೊಂಡ, ಓದಿ ಹೇಳಿದ, ಸಹಿ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ಸಾಹುಕಾರರು ತಮ್ಮ ಸಂತಾಪ ಅಚ್ಚಾಗಿದ್ದ ಪತ್ರಿಕೆ ಹಿಡಿದು ಓಡಿ ಬಂದರು. "ಇದನ್ನ ವಾಪಸ್ ತಗೊಳ್ಳಯ್ಯ."

"ಯಾವುದನ್ನ ಸಾಹುಕಾರ್ರೆ? ಲಾರಿಯನ್ನೋ, ದುಃಖವನ್ನೋ?"

ಅಷ್ಟರಲ್ಲಿ ಆ ಮೂರು ಮನೆಯ ಗಂಡಸರು, ಮಣ್ಣು ಮಾಡಿದ ಕೈಯಲ್ಲೇ ಅದೇ ಹಾಳೆ ಹಿಡಿದು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದರು.