ಹಗೇವಿಗೆ ಇಳಿದವಳ ಹೆಸರು

ಭಾಳ ಹಿಂದೆ, ಊರಿಗೆ ಇನ್ನೂ ಅಗಸಿ ಬಾಗಿಲು ಇದ್ದು, ಹೊತ್ತು ಮುಳುಗಿದರೆ ಅದನ್ನು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ, ಮಲಪ್ರಭೆಯ ಈ ದಂಡೆಯ ಒಂದು ಎರೆಮಣ್ಣಿನ ಊರಿಗೆ ಒಬ್ಬ ಹೆಣ್ಣುಮಗಳು ಸೊಸೆಯಾಗಿ ಬಂದಳಂತೆ. ಅವಳ ಕಥೆ ನಮಗೆ ಗೊತ್ತು ಅಂತ ನೀವೆಲ್ಲ ತಿಳಿದಿದ್ದೀರಿ. ಗೊತ್ತಿಲ್ಲ. ನಿಮಗೆ ಗೊತ್ತಿರುವುದು ಅವಳ ಗಂಡನ ಕಥೆ, ಅದೂ ಅರ್ಧ ಸುಳ್ಳು. ಸುಮ್ಮನೆ ಕೂತು ಕೇಳಿ.

ನಮ್ಮ ಮನೆತನಕ್ಕೆ ಹಗೇದವರು ಅಂತ ಅಡ್ಡಹೆಸರು ಹೇಗೆ ಬಂತು ಅಂತ ಊರಲ್ಲಿ ಯಾರನ್ನಾದರೂ ಕೇಳಿ. ಲಗಮಪ್ಪ ಅನ್ನುವ ಹಿರಿಯ ಹಗೇವಿಗೆ ಇಳಿದು ತಮ್ಮನ ಜೀವ ಉಳಿಸಿದ, ಅದಕ್ಕೇ ಬಂತು ಅಂತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಹೆಳವರು ಬರುತ್ತಾರಲ್ಲ, ಮನೆಮನೆಯ ವಂಶಾವಳಿ ಓದಿ ಹೇಳುವವರು, ಅವರ ಹೊತ್ತಿಗೆಯಲ್ಲೂ ಹಾಗೇ ಇದೆ. ಹಗೇವಿಗೆ ಇಳಿದ ಧೀರ ಲಗಮಪ್ಪ, ಅವನ ಮಗ ಹೊಳೆಪ್ಪ, ಹೊಳೆಪ್ಪನ ಮಗ ಯಮನಪ್ಪ. ಗಂಡಸರ ಹೆಸರುಗಳು ನಿಲ್ಲದೆ ಹರಿಯುತ್ತವೆ. ಇವರೆಲ್ಲ ಯಾರ ಹೊಟ್ಟೆಯಲ್ಲಿ ಹುಟ್ಟಿದರು? ಹುತ್ತದೊಳಗಿಂದ ಎದ್ದು ಬಂದರೇನು? ಆ ಹೊತ್ತಿಗೆ ಓದುವುದನ್ನು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ನಾನು ಈ ಮನೆಗೆ ಬಂದಾಗ ನಿಜವಾದ ಕಥೆ ಹೇಳಿದವಳು ನನ್ನ ಅತ್ತೆ. ಅವಳಿಗೆ ಅವಳ ಅತ್ತೆ ಹೇಳಿದ್ದಳು. ಕಟ್ಟೆಯ ಮೇಲೆ ಒಂದು ಕಥೆ ನಡೆಯುತ್ತಿತ್ತು, ಹಿತ್ತಲಲ್ಲಿ ಇನ್ನೊಂದು ನಡೆಯುತ್ತಿತ್ತು.

ಹಗೇವು ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಜೋಳ ಇಡಲಿಕ್ಕೆ ನೆಲದೊಳಗೆ ತೋಡಿದ ಗುಂಡಿ ಅದು. ಹೊಟ್ಟೆ ದೊಡ್ಡದು, ಬಾಯಿ ಒಬ್ಬರು ಇಳಿಯುವಷ್ಟೇ. ತುಂಬಿ, ಮೇಲೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ ಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಚಪ್ಪಡಿ ತೆಗೆದು ಒಂದು ದಿನ ಹಾಗೇ ಬಿಡಬೇಕು, ದೀಪ ಇಳಿಬಿಟ್ಟು ನೋಡಬೇಕು, ಆರದಿದ್ದರೆ ಇಳಿಯಬೇಕು. ಇಳಿದವರನ್ನು ಮೇಲಿನವರು ಹೆಸರು ಹಿಡಿದು ಕರೆಯುತ್ತಲೇ ಇರಬೇಕು, ಅವರು ಓ ಅನ್ನುತ್ತಲೇ ಇರಬೇಕು. ಓ ನಿಂತಿತೋ, ಹಗ್ಗ ಎಳೆಯುವುದು.

ಈ ಹೆಣ್ಣುಮಗಳ ತವರಪ್ಪನ ಕಸುಬೇ ಹಗೇವು ತೆಗೆಯುವುದಂತೆ. ಬಾಯಿಯ ಮೇಲೆ ಬಗ್ಗಿ ಮೂಸಿದರೆ ಒಳಗಿನ ಗಾಳಿ ಎಂಥದು ಅಂತ ಅವಳಿಗೆ ತಿಳಿಯುತ್ತಿತ್ತು ಅಂತಾರೆ. ಮದುವೆಯ ದಿನವೇ ಗಂಡನ ಮನೆಯವರು ಅವಳ ಹೆಸರು ತೆಗೆದುಹಾಕಿ ಭಾಗವ್ವ ಅಂತ ಇಟ್ಟರು. ಆಗ ಹಾಗೇ ಪದ್ಧತಿ. ಆ ಮನೆಯ ಎಮ್ಮೆಯ ಹೆಸರೂ ಭಾಗವ್ವ ಅಂತಲೇ ಇತ್ತು ಅಂತಾರೆ. ಇದ್ದರೂ ಇದ್ದೀತು, ಆ ಜನರನ್ನು ನಂಬುವ ಹಾಗಿಲ್ಲ.

ಮೊದಲ ಶ್ರಾವಣ. ಪಂಚಮಿ ಹತ್ತಿರ ಬಂದಿತ್ತು, ಮನೆಯಲ್ಲಿ ಜೋಳ ತೀರಿತ್ತು. ಅವಳ ಗಂಡ ಲಗಮಪ್ಪ ಹಗೇವಿನ ಚಪ್ಪಡಿ ಸರಿಸಿದ. ಒಂದು ದಿನ ತಡೆಯಿರಿ ಅಂತ ಸೊಸೆ ಅತ್ತೆಯ ಬಾಯಲ್ಲಿ ಹೇಳಿಸಿದಳಂತೆ. ನಿನ್ನೆ ಬಂದವಳು ನಮಗೆ ಹೇಳಿಕೊಡುತ್ತಾಳೋ ಅಂತ ಲಗಮಪ್ಪ ಧುಮುಕಿಯೇಬಿಟ್ಟ. ಧುಮುಕಿದವನ ಸದ್ದಿಲ್ಲ. ಅಣ್ಣ ಯಾಕೆ ಮಾತಾಡುತ್ತಿಲ್ಲ ಅಂತ ತಮ್ಮನೂ ಇಳಿದ. ಅವನ ಸದ್ದೂ ನಿಂತಿತು.

ಊರೇ ಕೂಡಿತು. ಗಂಡಸರು ಸುತ್ತ ನಿಂತು ಆ ದೇವರು ಈ ದೇವರು ಅಂತ ಹರಕೆ ಹೊರುತ್ತಿದ್ದರಂತೆ. ಇಳಿಯುತ್ತೇನೆ ಅಂದವನು ಒಬ್ಬನೂ ಇಲ್ಲ. ಅವಳು ಬೇವಿನ ತಪ್ಪಲಿನ ದೊಡ್ಡ ಹೊರೆ ಕಟ್ಟಿಸಿ, ಹಗ್ಗಕ್ಕೆ ಬಿಗಿದು, ಹಗೇವಿನೊಳಗೆ ಬಿಟ್ಟು ಸರಸರ ಮೇಲೆ ಕೆಳಗೆ ಸೇದಿಸಿದಳು. ಒಳಗಿನ ಗಾಳಿ ಅಷ್ಟಿಷ್ಟು ಕದಲಿತು. ಪೂರ್ತಿ ಹೋಗಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಸೀರೆಯ ಕಚ್ಚೆ ಬಿಗಿದು ಇಳಿದಳು.

ಎರಡೂ ಹೆಗಲಿಗೆ ಇಬ್ಬರನ್ನು ಹೊತ್ತು ಹಾರಿ ಬಂದಳು ಅಂತಾರೆ ಕೆಲವರು. ಹಾಗೇನಿಲ್ಲ. ಅಷ್ಟು ಸಣ್ಣ ಬಾಯಲ್ಲಿ ಹೇಗೆ ಹಾರುತ್ತಾರೆ? ಅವಳಿಗೆ ನಿಮ್ಮ ಸುಳ್ಳಿನ ಶೃಂಗಾರ ಬೇಕಿಲ್ಲ. ಮೈದುನನ ಕಂಕುಳಿಗೆ ಹಗ್ಗ ಕಟ್ಟಿದಳು, ಮೇಲಿನವರು ಎಳೆದರು. ಹಗ್ಗ ಮತ್ತೆ ಇಳಿಯಿತು. ಗಂಡನ ಕಂಕುಳಿಗೆ ಕಟ್ಟಿದಳು, ಎಳೆದರು. ಹಗ್ಗ ಮೂರನೆಯ ಸಲ ಇಳಿಯುವ ಹೊತ್ತಿಗೆ ಅವಳ ಕಣ್ಣಿಗೆ ಕತ್ತಲೆ ಬಂದಿತ್ತು.

ಮೇಲಿನವರು ಭಾಗವ್ವಾ ಅಂತ ಕರೆದರು. ಉತ್ತರ ಇಲ್ಲ. ಅತ್ತೆ ಕರೆದಳು, ಓಣಿಯ ಹೆಂಗಸರು ಕರೆದರು. ಭಾಗವ್ವಾ, ಭಾಗವ್ವಾ. ಎಲ್ಲಿಯ ಭಾಗವ್ವ? ಅರೆಪ್ರಜ್ಞೆಯಲ್ಲಿ ಬಿದ್ದವಳಿಗೆ ನಾಲ್ಕು ತಿಂಗಳ ಹಿಂದೆ ಇಟ್ಟ ಹೆಸರು ತನ್ನದು ಅಂತ ಅನ್ನಿಸಬೇಕಲ್ಲ! ತೀರಿಕೊಂಡಳು, ಇನ್ನೊಂದು ಜೀವ ಇಳಿಸುವುದು ಬೇಡ ಅಂದನಂತೆ ಊರಗೌಡ. ಮಾವ ಹೂಂ ಅಂದ. ಅವನ ಇಬ್ಬರು ಮಕ್ಕಳು ಮೇಲೆ ಬಂದಾಗಿತ್ತು ನೋಡಿ.

ಅಷ್ಟರಲ್ಲಿ ಪಂಚಮಿಗೆ ತಂಗಿಯನ್ನು ಕರೆಯಲು ಬಂದ ಅವಳ ಅಣ್ಣ ಅಗಸಿ ದಾಟಿದ. ಗದ್ದಲ ಕೇಳಿ ಓಡಿ ಬಂದ. ಜನರನ್ನು ನೂಕಿ, ಹಗೇವಿನ ಬಾಯಿಗೆ ಮುಖ ಹಚ್ಚಿ ಮಲಗಿ, ಹುಟ್ಟಿದ ಹೆಸರು ಹಿಡಿದು ಕೂಗಿದ. ಒಂದು ಸಲ ಕೂಗಿದ. ಎರಡು ಸಲ ಕೂಗಿದ. ಮೂರನೆಯ ಸಲಕ್ಕೆ ಒಳಗಿಂದ ಓ ಅಣ್ಣಾ ಅಂತ ಸಣ್ಣಗೆ ದನಿ ಬಂತಂತೆ. ಹಗ್ಗ ಸೊಂಟಕ್ಕೆ ಸುತ್ತಿಕೋ ಅಂದ. ಸುತ್ತಿಕೊಂಡಳು. ಬಂದಳು.

ಆ ಹೆಸರು ಯಾವುದು ಅಂತ ಕೇಳುತ್ತೀರಾ? ಅದೇ ಯಾರಿಗೂ ಗೊತ್ತಿಲ್ಲ.

ಆ ಸುಗ್ಗಿಗೆ ಹೆಳವರು ಬಂದಾಗ ಮಾವ ಜಗಲಿಯ ಮೇಲೆ ಕೂತು ಬರೆಸಿದನಂತೆ, ನಮ್ಮ ಲಗಮಪ್ಪ ಹಗೇವಿಗೆ ಇಳಿದ, ತಮ್ಮ ಉಳಿದ ಅಂತ. ಇಳಿದದ್ದು ನಿಜ, ತಮ್ಮ ಉಳಿದದ್ದೂ ನಿಜ. ಹೆಣದ ಹಾಗೆ ಜೋತುಬಿದ್ದವನನ್ನು ಅವಳು ಇಳಿದು ಎತ್ತಿಸಿದ್ದು ಮಾತ್ರ ಬರೆಸಲಿಲ್ಲ. ಲಗಮಪ್ಪ ಪಕ್ಕದಲ್ಲೇ ಕೂತು ಎಲೆಅಡಿಕೆ ಹಾಕುತ್ತಿದ್ದ. ಒಳಗೆ ಅವಳು ರೊಟ್ಟಿ ಬಡಿಯುತ್ತಿದ್ದ ಸದ್ದು ಸ್ವಲ್ಪ ಹೊತ್ತು ನಿಂತಿತ್ತು ಅಂತಾರೆ. ಆಮೇಲೆ ಮತ್ತೆ ಶುರುವಾಯಿತಂತೆ. ನಾನಾಗಿದ್ದರೆ ಹಿಟ್ಟು ನಾದುವ ಕೊಣಮಿಗೆಯನ್ನೇ ಹೊರಗೆ ಎಸೆಯುತ್ತಿದ್ದೆ.

ಅವಳ ಸೊಸೆ ಒಮ್ಮೆ ಕೇಳಿದಳಂತೆ, ಅತ್ತೆವ್ವಾ, ನಿನ್ನ ತವರಿನ ಹೆಸರು ಏನು ಅಂತ. ಕರೆಯುವವನು ಹೋದ, ಇನ್ನು ಅದು ಯಾಕೆ ಅಂದಳಂತೆ. ಅಣ್ಣ ಆಗಲೇ ತೀರಿಕೊಂಡಿದ್ದ. ಈ ಮಾತು ನೆನೆದರೆ ನನಗೆ ಅವಳ ಮೇಲೂ ಸಿಟ್ಟು ಬರುತ್ತದೆ. ಹೇಳಿಬಿಡಬಾರದಿತ್ತೇ ಮಹಾತಾಯಿ!

ನಾನು ಹುಡುಕಿದೆ. ಹೆಳವರ ದುಂಡಪ್ಪ ಬಂದಾಗ ಜೋಳದ ಮೊರ ಕೈಯಲ್ಲೇ ಹಿಡಿದು ನಿಂತೆ. ಮೊದಲು ಅವಳದು ಬರಿ, ಭಾಗವ್ವ ಅಂತಲ್ಲ, ಹುಟ್ಟಿದ ಹೆಸರು, ಆಮೇಲೆ ಜೋಳ ಅಂದೆ. ಒಳ್ಳೆಯವನೇ ಅವನು, ಮನೆಯ ಯಜಮಾನರು ಹೇಳಿದ್ದನ್ನು ಬರೆಯುತ್ತಾನೆ.

“ಹೆಸರು ಹೇಳವ್ವಾ, ಈಗ ಬರೀತೀನಿ. ಹೆಸರಿಲ್ಲದವರನ್ನ ಹೆಂಗ ಬರೀಲಿ?” ಅಂದ.

ಜೋಳ ಅವನ ಜೋಳಿಗೆಗೆ ಸುರಿದು ಒಳಗೆ ಹೋದೆ. ಮರುವಾರವೇ ಬಸ್ಸು ಹತ್ತಿ ಅವಳ ತವರೂರಿಗೆ ಹೋದೆ. ಆ ಮನೆತನದವರು ಚಹಾ ಕೊಟ್ಟರು, ತಮ್ಮ ಹೆಳವರು ಬರೆದುಕೊಟ್ಟ ವಂಶಾವಳಿ ತೆಗೆದು ತೋರಿಸಿದರು. ಅಣ್ಣನ ಹೆಸರು ಇತ್ತು, ಅಪ್ಪನ ಹೆಸರು ಇತ್ತು, ಅಪ್ಪನ ಎತ್ತಿನ ಹೆಸರು ಕೂಡ ಇತ್ತು. ಅವಳದು? ‘ಮಗಳು ಒಬ್ಬಳು, ಹೊಳೆಯಾಚೆ ಕೊಟ್ಟದ್ದು.’ ಅಷ್ಟೇ. ಒಬ್ಬ ಮುದುಕಿ ಕೆಂಚವ್ವ ಇರಬೇಕು ಅಂದಳು, ಇನ್ನೊಬ್ಬಳು ನಿಂಬೆವ್ವ ಅಂದಳು, ಮೂರನೆಯವಳು ಇಬ್ಬರಿಗೂ ಬೈದಳು. ಎರಡು ಊರು, ಎರಡು ಹೊತ್ತಿಗೆ, ಒಂದರಲ್ಲೂ ಅವಳಿಗೆ ಒಂದು ಗೇಣು ಜಾಗ ಸಿಗಲಿಲ್ಲ. ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದವರು ಯಾರು ತೀರಿಕೊಂಡರು ಅಂತ ಕೇಳಿದರು. ಏನಂತ ಹೇಳಲಿ?

ಆದರೆ ಅವಳ ಸೊಸೆ ಇದ್ದಳಲ್ಲ, ಹೆಸರು ಕೇಳಿ ಬರಿಗೈಯಲ್ಲಿ ಉಳಿದವಳು, ಅವಳು ಸುಮ್ಮನೆ ಕೂರಲಿಲ್ಲ. ಬೇರೆ ಊರುಗಳಲ್ಲಿ ಮದುಮಗಳನ್ನು ಹೊಸ್ತಿಲಲ್ಲಿ ತಡೆದು, ಒಡಪು ಕಟ್ಟಿ ಗಂಡನ ಹೆಸರು ಹೇಳು, ಅಂದರೆ ಒಳಗೆ ಬಿಡುತ್ತೇವೆ ಅಂತಾರೆ. ಅವಳು ತನ್ನ ಮಗನ ಮದುವೆಯಲ್ಲಿ ಸೊಸೆಯನ್ನು ಕೈಹಿಡಿದು ಒಳಗೆ ಕರೆದುಕೊಂಡು, ಮಗನ ಮುಖದ ಮುಂದೆ ಬಾಗಿಲು ಹಾಕಿದಳಂತೆ. ಇವಳ ತವರಿನ ಹೆಸರು ಊರಿಗೆ ಕೇಳುವ ಹಾಗೆ ಹೇಳು, ಇನ್ನು ಈ ಮನೆಯಲ್ಲಿ ಹೆಸರು ಬದಲಿಸುವುದಿಲ್ಲ ಅಂದಳಂತೆ. ಗಂಡಸರು ಕೂಗಾಡಿದರು, ಉಣ್ಣದೆ ಎದ್ದು ಹೋಗುತ್ತೇವೆ ಅಂದರು. ಹೋಗಿ ಅಂದಳಂತೆ.

ಅವತ್ತಿನಿಂದ ನಮ್ಮ ಮನೆತನದಲ್ಲಿ ಹೀಗೇ. ಈಗ ಊರೆಲ್ಲ ಹೀಗೇ ಮಾಡುತ್ತಾರೆ. ಹೋದ ವೈಶಾಖದಲ್ಲಿ ನನ್ನ ಮೊಮ್ಮಗನ ಸರದಿ ಬಂತು. ನೆತ್ತಿ ಸುಡುವ ಬಿಸಿಲು. ನಾಚಿಕೊಂಡು ಬಾಸಿಂಗದೊಳಗೇ ಏನೋ ಗೊಣಗಿದ. ಕೇಳಲಿಲ್ಲ ಅಂದೆವು. ಇನ್ನೊಮ್ಮೆ ಅಂದ. ಕೇಳಲಿಲ್ಲ ಅಂದೆವು. ಕೊನೆಗೆ ಸಿಟ್ಟಿಗೆದ್ದು, ಓಣಿಯ ನಾಯಿಗಳು ಎದ್ದು ಕೂರುವ ಹಾಗೆ “ರೇಣುಕಾ!” ಅಂತ ಕೂಗಿದ. ಬಾಗಿಲು ತೆಗೆದೆ.

ಹಂದರದಲ್ಲಿ ದುಂಡಪ್ಪ ಊಟಕ್ಕೆ ಕೂತಿದ್ದ. ಹೆಸರು ಕೇಳಿಸಿತೇನಪ್ಪಾ ಅಂತ ಕೇಳಿದೆ.

“ಕೇಳಿಸ್ತವ್ವಾ,” ಅಂದ.

“ಹಂಗಾದ್ರ ಕೈ ತೊಳಕೊಂಡು ಮೊದಲ ಅದನ್ನ ಬರಕೋ,” ಅಂದೆ.