ಪುಂಡಿಯ ಎಲೆಗೆ ಬೆರಳು ಬಂದದ್ದು

ಏನಾಗಿರಬಹುದು, ಊಹಿಸಿ ನೋಡೋಣ.

ಪುಂಡಿ ಗಿಡ ಗೊತ್ತಲ್ಲ? ಜೋಳದ ರೊಟ್ಟಿಗೆ ಹುಳಿ ಹುಳಿ ಪಲ್ಯ ಮಾಡುತ್ತಾರಲ್ಲ, ಅದೇ ಸೊಪ್ಪು. ಅದರ ದಂಟಿನ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಒಂದು ಎಳೆಯ ಪುಂಡಿ ಸಸಿಯ ಹತ್ತಿರ ಬಗ್ಗಿ ಕೂತು ನೋಡಿ. ಎಲ್ಲಕ್ಕಿಂತ ಕೆಳಗಿನ ಎರಡು ಬೀಜದೆಲೆಗಳು ದುಂಡಗೆ, ನುಣ್ಣಗೆ ಇರುತ್ತವೆ. ಮೇಲೆ ಹೋದ ಹಾಗೆಲ್ಲ ಎಲೆ ಸೀಳುತ್ತದೆ. ತುದಿಯ ಹತ್ತಿರ ಅಂಗೈ ಅಗಲಿಸಿದ ಹಾಗೆ ಬೆರಳು ಬೆರಳಾಗಿ ನಿಂತಿರುತ್ತದೆ.

ಬೇರು ಒಂದೇ, ದಂಟು ಒಂದೇ. ಕೆಳಗೆ ದುಂಡು, ಮೇಲೆ ಸೀಳು. ಯಾಕೆ?

ಮೇಕೆ ಕಚ್ಚಿತು ಎನ್ನುತ್ತೀರಾ? ಮೇಕೆ ಅಷ್ಟು ಅಚ್ಚುಕಟ್ಟಾಗಿ ಕಚ್ಚುವುದಿಲ್ಲ. ಹುಳ ತಿಂದಿತೆ? ಹುಳಕ್ಕೆ ನೆಟ್ಟಗೆ ತಿನ್ನಲು ಬರುವುದಿಲ್ಲ. ಕತ್ತರಿಯೋ? ಕತ್ತರಿ ಆಗಿನ್ನೂ ಹುಟ್ಟಿರಲಿಲ್ಲ. ಸೋತಿರಾ? ಹಾಗಾದರೆ ನಾನೇ ಹೇಳುತ್ತೇನೆ. ನೀವು ಗೆದ್ದಿದ್ದರೂ ನಾನೇ ಹೇಳುತ್ತಿದ್ದೆ ಅನ್ನುವುದು ಬೇರೆ ಮಾತು.

ಆಗ ಲೋಕವೆಂದರೆ ಈಗಷ್ಟೇ ಮಡಿಕೆ ಬಿಚ್ಚಿದ ಹೊಸ ಸೀರೆ. ಗುಡ್ಡಗಳ ಅಂಚು ಇನ್ನೂ ಸವೆದಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಖಚಿತವಿರಲಿಲ್ಲ. ದಾರಿಯಲ್ಲಿ ಸಿಕ್ಕ ಆಮೆಯನ್ನು ಕೇಳಿಕೊಂಡು ಹರಿಯುತ್ತಿತ್ತು. ಆಗ ಎಲ್ಲ ಗಿಡಗಳ ಎಲ್ಲ ಎಲೆಗಳೂ ದುಂಡಗೇ ಇದ್ದವು.

ಅದಕ್ಕೆ ಕಾರಣ ಭೂಮವ್ವ ಮಾಡಿಟ್ಟ ಪದ್ಧತಿ. ಪ್ರತಿ ಬೀಜ ಮೊಳೆಯುವಾಗಲೂ ಅವಳು ಎರಡು ದುಂಡನೆಯ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಆ ಬುತ್ತಿಗಳೇ ಬೀಜದೆಲೆಗಳು.

"ದಾರಿಗೆ ಇಷ್ಟು ಸಾಕು, ಮಗಳ," ಎನ್ನುತ್ತಿದ್ದಳು. "ಇದು ತೀರೂದ್ರೊಳಗ ಇದರಂಗ ಇನ್ನೊಂದು ಎಲಿ ನೀನ ಮಾಡ್ಕೊ. ಆಮ್ಯಾಲ ಸೂರ್ಯಪ್ಪನ ಬಿಸಲಾಗ ನಿನ್ನ ಅಡಗಿ ನೀನ ಮಾಡ್ಕೊಂಡು ಉಣ್ಣು."

ಸಸಿಗಳು ಬುತ್ತಿ ಉಣ್ಣುತ್ತ, ಅದನ್ನೇ ನೋಡಿಕೊಂಡು ದುಂಡನೆಯ ಎಲೆ ಮಾಡುತ್ತಿದ್ದವು. ಅದನ್ನು ನೋಡಿ ಇನ್ನೊಂದು, ಇನ್ನೊಂದನ್ನು ನೋಡಿ ಮತ್ತೊಂದು.

ಇನ್ನೂ ಒಂದು ಪದ್ಧತಿಯಿತ್ತು. ಸಸಿಗಳು ಮಣ್ಣಿನಿಂದ ಮೇಲೆ ಬರುವಾಗ ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತವಲ್ಲ, ಅದು ಅವುಗಳ ಕುಲಾವಿ, ಎಳೆಗೂಸಿನ ಟೊಪ್ಪಿಗೆ. ಕೂಸಿನ ಕುಲಾವಿ ತೆಗೆಯುವುದು ಸೋದರತ್ತೆಯ ಕೆಲಸ. ಸಸಿಗಳಿಗೆಲ್ಲ ಸೋದರತ್ತೆ ಯಾರು? ಅವುಗಳ ಅಪ್ಪ ಸೂರ್ಯಪ್ಪನ ತಂಗಿ, ಗಾಳಿ. ಎಲ್ಲರ ಬಾಯಲ್ಲಿ ಗಾಳಿ ಅತ್ತಿ. ಮೊದಲು ಜಿಟಿಜಿಟಿ ಮಳೆ ಬಂದು ಕುಲಾವಿ ತೋಯಿಸಬೇಕು, ನೆನೆದು ಮೆತ್ತಗಾದ ಮೇಲೆ ಗಾಳಿ ಅತ್ತಿ ಬಂದು ತೆಗೆಯಬೇಕು. ಎಲ್ಲರೂ ಎಲೆ ಮಾಡಿಕೊಂಡು ನಿಂತ ಮೇಲೆ ಒಂದು ದಿನ ಅತ್ತಿಯೇ ಬಂದು ಹೆಸರಿಡುವಳು. ಆ ದಿನ ತಲೆಯೆತ್ತಿ ನಿಂತವರಿಗೆ ಹೆಸರು. ನಿಲ್ಲಲಾಗದವರು ಹೆಸರಿಲ್ಲದೆ ಮಣ್ಣಿಗೆ ವಾಪಸ್ಸು, ಗೊಬ್ಬರವಾಗುವುದಕ್ಕೆ.

ಹೆಸರಿಡುವ ಮೊದಲು ಯಾರಿಗೂ ಹೆಸರಿರಲಿಲ್ಲ ಎಂದ ಮೇಲೆ ನಾನು ಪುಂಡಿ, ಕುಂಬಳ ಎನ್ನುವುದು ತಪ್ಪೇ. ಆದರೆ ಆ ಸಸಿ ಈ ಸಸಿ ಎನ್ನುತ್ತ ಕೂತರೆ ನಿಮಗೆ ನಿದ್ದೆ ಬಂದೀತು. ಈಗಿನ ಹೆಸರಿನಿಂದಲೇ ಕರೆಯೋಣ.

ಆ ವರ್ಷ ಜಿಟಿಜಿಟಿ ಮಳೆ ತಡ ಮಾಡಿತು. ಗಾಳಿ ಅತ್ತಿ ಮಾತ್ರ ಹೊತ್ತಿಗೆ ಮುಂಚೆಯೇ ಬಂದಳು. ಆಚೆ ಬಯಲಿನಲ್ಲೂ ಸಸಿಗಳು ಕಾಯುತ್ತಿದ್ದವು. ಅವಳಿಗೆ ಕೈತುಂಬ ಕೆಲಸ. ಮೊದಲು ಎದುರಿಗೆ ಸಿಕ್ಕಿದ್ದು ಪುಂಡಿ.

"ಅತ್ತಿ, ಸ್ವಲ್ಪ ತಡಿ," ಎಂದಿತು ಪುಂಡಿ. "ನನ್ನ ಕುಲಾವಿ ಇನ್ನಾ ತೊಯ್ದಿಲ್ಲ."

"ತೊಯ್ಯೂತನಕ ಕುಂತ್ರ ನನ್ನ ಕೆಲಸ ನಿಮ್ಮಪ್ಪ ಮಾಡ್ತಾನೇನ? ತಲಿ ಬಗ್ಗಸು," ಎಂದಳು ಅತ್ತಿ, ಮತ್ತು ಒಣ ಕುಲಾವಿಯನ್ನು ಹಿಡಿದು ಜಗ್ಗಿದಳು.

ಕುಲಾವಿ ಬಂತು. ಜೊತೆಗೆ ಒಂದು ಬೀಜದೆಲೆ ಪೂರ್ತಿ ಕಿತ್ತು ಬಂತು. ಇನ್ನೊಂದು ಉಳಿಯಿತು, ಆದರೆ ತುದಿಯಿಂದ ತೊಟ್ಟಿನವರೆಗೆ ಸೀಳಿಹೋಯಿತು.

ಅತ್ತಿಯ ಉಸಿರೇ ನಿಂತಿತು. ಕೈಯಲ್ಲಿದ್ದ ಕುಲಾವಿಯನ್ನು ನೋಡಿದಳು, ಸಸಿಯನ್ನು ನೋಡಿದಳು. ಗುಡ್ಡದ ಆಚೆ ಹೋಗಿ ಮುಖ ಮುಚ್ಚಿಕೊಂಡು ಕೂತಳು. ಲೋಕದಲ್ಲಿ ಮೊದಲ ಸಲ ಗಾಳಿ ಬೀಸದೆ ಸೆಕೆಯಾಯಿತು. ತಡವಾಗಿ ಬಂದ ಜಿಟಿಜಿಟಿ ಮಳೆಗೆ ಉಳಿದವರ ಕುಲಾವಿಗಳು ನೆನೆದು ತಾವಾಗಿಯೇ ಜಾರಿದವು.

ಪಕ್ಕದಲ್ಲಿ ಕುಂಬಳ ನಿಂತಿತ್ತು. ಹೌದು, ನಿಂತಿತ್ತು, ಆಗ ಕುಂಬಳ ಕಂಬದ ಹಾಗೆ ನೆಟ್ಟಗೆ ಬೆಳೆಯುತ್ತಿತ್ತು. ಅದರ ಬುತ್ತಿಗಳು ದಪ್ಪ, ಅದರ ಮಾತೂ ದಪ್ಪ.

"ಏನಬೇ ತಂಗಿ, ಅರ್ಧಾ ಬುತ್ತಿ ಕಟಗೊಂಡು ಎಲ್ಲಿಗೆ ಹೊಂಟಿ?" ಎಂದಿತು.

"ನೀ ಹೋಗೂ ಊರಿಗೇ, ಅಣ್ಣಾ," ಎಂದಿತು ಪುಂಡಿ.

"ಅರ್ಧಾ ದಾರಿಗೆ ಹಸಿವಾಕ್ಕೈತಿ ನೋಡು."

"ಹಸಿವಾದ್ರ ಹಸಗೊಂಡ ನಡೀತೇನಿ."

ಬಾಯಲ್ಲಿ ಹಾಗೆ ಹೇಳಿತು. ಆದರೂ ಮೆಲ್ಲಗೆ ಕೆಳಗೆ ಕೂಗಿತು: "ಅವ್ವಾ, ಇನ್ನೊಂದು ಬುತ್ತಿ ಕಟ್ಟಿ ಕೊಡ್ತಿ?"

ಭೂಮವ್ವ ಅದರ ಬೇರನ್ನು ಸವರಿದಳು. "ಬುತ್ತಿ ಮನಿಯೊಳಗಿದ್ದಾಗ ಕಟ್ಟೂದು, ಮಗಳ. ಹೊಸ್ತಿಲ ದಾಟಿದ ಮ್ಯಾಲ ನನಗ ಬರೂದಿಲ್ಲ. ನೀರು ಕೊಡ್ತೇನಿ. ಉಳದದ್ದು ನೀನ ನೋಡ್ಬೇಕು."

ಪುಂಡಿ ಎಲೆ ಮಾಡಲು ಕೂತಿತು. ದುಂಡನೆಯ ಎಲೆಗೆ ಅಳತೆ ತೆಗೆದು ನೋಡಿತು. ಇರುವ ಬುತ್ತಿಯಲ್ಲಿ ಅರ್ಧ ಎಲೆಯೂ ಆಗುವ ಹಾಗಿರಲಿಲ್ಲ. ಮತ್ತೆ ಅಳೆಯಿತು. ಮತ್ತೆ ಸಾಲಲಿಲ್ಲ. ಸುತ್ತ ಎಲ್ಲರೂ ಒಂದು ಎಲೆ ಬಿಟ್ಟರು, ಎರಡು ಬಿಟ್ಟರು. ಪುಂಡಿಯ ಬುತ್ತಿ ಹಳದಿಯಾಗುತ್ತ ಬಂತು. ಹಳದಿಯಾಯಿತೆಂದರೆ ತಳ ಕಾಣುತ್ತಿದೆ ಎಂದು ಅರ್ಥ.

ಆಗ ಪುಂಡಿ ತನ್ನ ಸೀಳಿದ ಎಲೆಯನ್ನು ಸರಿಯಾಗಿ ನೋಡಿತು. ಅಲ್ಲಿಯವರೆಗೆ ನಾಚಿಕೆಯಿಂದ ನೋಡಿರಲೇ ಇಲ್ಲ. ನೋಡಿದರೆ, ಸೀಳಿನ ಈಚೆಯ ತುಂಡಿನ ಮೇಲೂ ಬಿಸಿಲು ಬಿದ್ದಿದೆ, ಆಚೆಯ ತುಂಡಿನ ಮೇಲೂ ಬಿದ್ದಿದೆ. ಎರಡೂ ತಮ್ಮ ಪಾಡಿಗೆ ತಾವು ಅಡುಗೆ ಮಾಡುತ್ತಿವೆ.

"ಸೂರ್ಯಪ್ಪಾ," ಎಂದು ಕೇಳಿತು ಪುಂಡಿ, "ಎಲಿ ದುಂಡ ಇರದಿದ್ರೂ ನಡೀತೈತೇನು?"

ಸೂರ್ಯ ನಕ್ಕ. "ಪಾತ್ರಿ ದುಂಡೈತೋ ಸೊಟ್ಟೈತೋ ನಾ ಯಾವತ್ತು ಕೇಳೇನವ್ವಾ? ಹಸರೈತೋ ಇಲ್ಲೋ, ಅಷ್ಟ ನೋಡ್ತೇನಿ. ದುಂಡ ಇರಬೇಕು ಅಂತ ಹೇಳ್ದವ್ರು ಯಾರು?"

ಯಾರೂ ಹೇಳಿರಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಮಾಡುತ್ತಿದ್ದರು, ಅಷ್ಟೇ.

ಅಳತೆ ತೆಗೆಯುವುದನ್ನು ಪುಂಡಿ ಅಲ್ಲಿಗೇ ಬಿಟ್ಟಿತು. ಉಳಿದ ಬುತ್ತಿಯನ್ನೆಲ್ಲ ಹಾಕಿ ಕಿರಿದಾದ ಒಂದೇ ಒಂದು ಎಲೆ ಮಾಡಿತು. ಒಂದು ಬೆರಳಿನಷ್ಟು. ಬುತ್ತಿ ಮುಗಿಯಿತು. ಸೀಳಿದ ಬೀಜದೆಲೆ ಉದುರಿಬಿತ್ತು. ಆದರೆ ಆ ಬೆರಳಿನಷ್ಟು ಎಲೆಯಲ್ಲಿ ಬಿಸಿಲು ಕುದಿಯಿತು, ಅಡುಗೆಯಾಯಿತು, ಪುಂಡಿ ತನ್ನ ಕೈಯ ಮೊದಲ ಊಟ ಉಂಡಿತು. ಅದರ ರುಚಿ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಚೆನ್ನಾಗಿಯೇ ಇದ್ದಿರಬೇಕು.

ಆ ಬಲದಲ್ಲಿ ಮೂರು ಬೆರಳಿನ ಎಲೆ ಮಾಡಿತು. ಆಮೇಲೆ ಐದು ಬೆರಳಿನದು. ಸರಸರನೆ ಎತ್ತರಕ್ಕೆ ಹೋಯಿತು.

"ಹರದ ಸೀರಿ ಉಟಗೊಂಡಂಗ ಕಾಣ್ತಿ," ಎಂದಿತು ಕುಂಬಳ. ಅದರ ಎಲೆಗಳೀಗ ಮೊರದಷ್ಟು ಅಗಲವಾಗಿದ್ದವು.

"ಗಾಳಿ ಬಂದ್ರ ಛಲೋ ಆಡ್ತೈತಣ್ಣಾ," ಎಂದಿತು ಪುಂಡಿ.

ಹೆಸರಿಡುವ ದಿನ ಬಂತು. ಗಾಳಿ ಅತ್ತಿ ಗುಡ್ಡದ ಹಿಂದಿನಿಂದ ಎದ್ದಳು. ಮೆಲ್ಲಗೆ ಹೋಗಬೇಕೆಂದೇ ಹೊರಟಳು, ಪಾಪ. ಆದರೆ ಅಣ್ಣನ ಮಕ್ಕಳಿಗೆ ಹೆಸರಿಡುವ ದಿನ ಯಾವ ಅತ್ತೆಯ ಕಾಲು ನೆಲದ ಮೇಲೆ ನಿಂತೀತು? ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರೆಲ್ಲ ಒಟ್ಟಿಗೆ ಬಿಟ್ಟಳು. ಹಾಡುತ್ತ, ಕುಣಿಯುತ್ತ, ದೂಳೆಬ್ಬಿಸುತ್ತ ಬಯಲಿಗೆ ನುಗ್ಗಿದಳು.

ಮೊರದಂಥ ಎಲೆಗಳಿಗೆ ಆ ಗಾಳಿ ತಗುಲಿದ್ದೇ ತಡ, ಕುಂಬಳ ಬುಡಮೇಲಾಯಿತು. ಹರಳೆಣ್ಣೆಯ ಔಡಲ ಬಾಗಿತು, ಹತ್ತಿ ಒರಗಿತು, ಬೆಂಡೆ ಮಂಡಿಯೂರಿತು. ದುಂಡೆಲೆಯವರೆಲ್ಲ ಮುಗ್ಗರಿಸಿದರು.

ಪುಂಡಿಯ ಹತ್ತಿರ ಬಂದ ಗಾಳಿ ಬೆರಳುಗಳ ಸಂದಿಯಿಂದ ಸುಯ್ ಎಂದು ದಾಟಿ ಹೋಯಿತು. ಪುಂಡಿ ಅತ್ತ ಬಾಗಿತು, ಇತ್ತ ಬಾಗಿತು, ನೆಟ್ಟಗೆ ನಿಂತಿತು. ಆ ಬಯಲಿನಲ್ಲೆಲ್ಲ ತಲೆಯೆತ್ತಿ ನಿಂತಿದ್ದದ್ದು ಅದೊಂದೇ.

ಅತ್ತಿ ತಿರುಗಿ ಬಂದು ನೋಡಿದಳು. "ಯಾರವ್ವಾ ನೀ?"

"ಅದೇನತ್ತಿ, ಗುರುತು ಹತ್ತಲಿಲ್ಲ? ಒಣಾ ಕುಲಾವಿ ಜಗ್ಗಿದ್ದಿ."

ಅತ್ತಿ ಮತ್ತೆ ಮುಖ ಮುಚ್ಚಿಕೊಂಡಳು. "ನಿನ್ನ ಬುತ್ತಿ ಕಿತ್ತಾಕಿ ನಾನು. ಯಾವ ಮಾರಿ ಇಟಗೊಂಡು ನಿನಗ ಹೆಸರಿಡ್ಲಿ?"

"ಇರೂದೊಂದ ಮಾರಿ, ಅದನ್ನ ಇಟಗೊ. ಹೆಸರಿಡಾಕ ಅತ್ತಿನ ಬೇಕು, ಬ್ಯಾರೆ ಯಾರಿಗೂ ಬರೂದಿಲ್ಲ. ಕಿವ್ಯಾಗ ಹೇಳು. ಕಿವಿ ಇಲ್ಲ, ಎಲ್ಯಾಗ ಹೇಳು."

ಅತ್ತಿ ಬಗ್ಗಿ, ಆ ಬೆರಳುಗಳ ನಡುವೆ ಬಾಯಿಟ್ಟು, ಉಸಿರಿದಳು: "ಪುಂಡಿ."

ಆ ವರ್ಷದ ಮೊದಲ ಹೆಸರು ಅದು.

ಬಿದ್ದವರ ಗತಿ? ಹೆಸರಿಲ್ಲದೆ ಮಣ್ಣಿಗೆ ಹೋಗಬೇಕಿತ್ತಲ್ಲ. ಪುಂಡಿ ಅತ್ತಿಯನ್ನು ತಡೆಯಿತು. "ಇವ್ರು ಬಿದ್ದದ್ದು ನಿನ್ನ ಕುಣಿತಕ್ಕ. ಏಳೂತನಕ ನಿಲ್ಲು." ಅತ್ತಿ ನಿಂತಳು. ಎಲೆ ಸೀಳುವುದು ಹೇಗೆಂದು ಪುಂಡಿ ತೋರಿಸಿಕೊಟ್ಟಿತು. ಔಡಲ ಕಲಿಯಿತು, ಹತ್ತಿ ಕಲಿಯಿತು, ಬೆಂಡೆ ಕಲಿಯಿತು. ಎಲ್ಲರೂ ಎದ್ದು ನಿಂತು ಹೆಸರು ಪಡೆದರು.

ಕುಂಬಳ ಮಾತ್ರ ಏಳಲಿಲ್ಲ. "ನನಗ ಮಲಕೊಂಡ್ರ ಆರಾಮ ಅನಸ್ತೈತಿ," ಎಂದಿತು. "ತಲಿ ಎತ್ತೇನಲ್ಲ, ಹೆಸರಿಡು." ತುದಿ ಸ್ವಲ್ಪ ಎತ್ತಿಯೂ ಇತ್ತು. ಅತ್ತಿ ಹಾಗೆಯೇ ಇಟ್ಟಳು. ಅದು ಇವತ್ತಿಗೂ ನೆಲದ ಮೇಲೆ ಹಬ್ಬಿಕೊಂಡೇ ಇದೆ.

"ನನ್ನ ಬುತ್ತಿ ಮಾತ್ರ ದುಂಡಗ ಇರ್ತಾವ," ಎಂದಳು ಭೂಮವ್ವ. "ಆಮ್ಯಾಲ ನಿಮಗ ಹೆಂಗ ಬೇಕೋ ಹಂಗ." ಅತ್ತಿಯೂ ಅಂದಿನಿಂದ ಒಣ ಕುಲಾವಿ ಮುಟ್ಟುವುದಿಲ್ಲ. ನಿಮ್ಮ ಕುಂಡದಲ್ಲಿ ಯಾವ ಸಸಿಯಾದರೂ ಕುಲಾವಿ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದರೆ ನೀವೂ ಜಗ್ಗಬೇಡಿ. ಬೆರಳ ತುದಿಯಿಂದ ಒಂದು ಹನಿ ನೀರು ಹಾಕಿ ಕಾಯಿರಿ.

ಹೆಸರಿಟ್ಟ ಅತ್ತೆಯ ಬೆನ್ನಿಗೆ ಎಲ್ಲರೂ ಸೇರಿ ಗುದ್ದುವುದು ನಮ್ಮ ಕಡೆಯ ತೊಟ್ಟಿಲ ಶಾಸ್ತ್ರ. ಅದು ಶುರುವಾದದ್ದೂ ಅಲ್ಲೇ. ಮೊದಲ ಗುದ್ದು ಪುಂಡಿಯದು, ಐದೂ ಬೆರಳು ಸೇರಿಸಿ. ಅತ್ತಿ ನಕ್ಕು ನಕ್ಕು ಸುಸ್ತಾದಳು.

ಈಗಲೂ ಗಾಳಿ ಬಂದಾಗ ಹೊಲದ ಪುಂಡಿಯೆಲ್ಲ ಬೆರಳು ಅಗಲಿಸಿ ಅತ್ತಿಯ ಬೆನ್ನಿಗೆ ಪಟಪಟನೆ ಬಡಿಯುವುದನ್ನು ನೀವು ನೋಡುತ್ತೀರಿ. ಆ ಮೊದಲ ಗುದ್ದು ಬಿದ್ದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ, ಬುಧವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ.